ಒಂದೇ ತಾಯಿಯ ನೂರು ಸಸಿ ಬೇಡ: ರಾಮಪತ್ರೆ ಮರದ ವಂಶ ಉಳಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಹಳ್ಳದ ಬದಿಯ ಒಂದು ರಾಮಪತ್ರೆ ಮರದಡಿ ಬೀಜ ಆರಿಸಿ 180 ಸಸಿ ಮಾಡಿದ್ದೆ. ತುಂಬಾ ಹೆಮ್ಮೆ ನನಗೆ. ಅಕ್ಕಪಕ್ಕದ ಮನೆಗಳಿಗೆ ಹಂಚಿದೆ, ನಮ್ಮ ಬೆಟ್ಟದಲ್ಲೂ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲೂ ನೆಟ್ಟೆ. ಅದನ್ನು ನೋಡಲು ಬಂದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು. ‘ಎಲ್ಲಾ ಒಂದೇ ಮರದ್ದಾ ತಮ್ಮಾ? ಹಾಗಾದ್ರೆ ಮುಂದೆ ಅಣ್ಣ ತಂಗಿಗೇ ಮದುವೆ ಮಾಡಿಸ್ತೀಯಾ?’

ನಗು ಬಂತು. ಆಮೇಲೆ ಕೂತು ಯೋಚಿಸಿದಾಗ ನಗು ಹೋಯಿತು. ಮರದ ಸಂಖ್ಯೆ ಜಾಸ್ತಿ ಮಾಡುವುದೇ ಬೇರೆ, ಮರದ ವಂಶ ಉಳಿಸುವುದೇ ಬೇರೆ. ಈ ಲೇಖನ ಎರಡನೆಯದರ ಬಗ್ಗೆ. ಬೆಟ್ಟ ಇರುವವರು, ಹಳ್ಳದ ಬದಿಗೆ ತೋಟ ಇರುವವರು, ಊರಿನ ಅರಣ್ಯ ಸಮಿತಿಯವರು, ಶಾಲೆಯಲ್ಲಿ ಸಣ್ಣ ನರ್ಸರಿ ಮಾಡಬೇಕು ಅಂದುಕೊಂಡವರು ಇದನ್ನು ಹಂತ ಹಂತವಾಗಿ ಮಾಡಬಹುದು. ಪ್ರಯೋಗಾಲಯ ಬೇಕಿಲ್ಲ. ಒಂದು ನೋಟ್‌ಬುಕ್, ಒಂದಿಷ್ಟು ತಗಡಿನ ಚೀಟಿ, ಮತ್ತೆ ತಾಳ್ಮೆ ಬೇಕು.

ರಾಮಪತ್ರೆ ಅಂದರೆ ಜಾಯಿಕಾಯಿಯ ಕಾಡು ಬಳಗದ ಮರ. ವಿಜ್ಞಾನದ ಹೆಸರು ಮಿರಿಸ್ಟಿಕಾ ಮಲಬಾರಿಕಾ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಒಳಗಾಗಬಹುದಾದ’ ಮರ ಅಂತ ಸೇರಿದೆ. ಬೀಜದ ಮೇಲಿನ ಕೆಂಪು ಹೊದಿಕೆಗೆ, ಅಂದರೆ ಪತ್ರೆಗೆ, ಪೇಟೆಯಲ್ಲಿ ಬೆಲೆ ಇದೆ. ನಿಜವಾದ ಜಾಪತ್ರೆಯ ಜೊತೆ ಬೆರೆಸಿ ಮಾರುವವರೂ ಇದ್ದಾರೆ, ಪರಿಮಳ ಮಾತ್ರ ಅದರಷ್ಟಿಲ್ಲ. ಆ ಬೆಲೆಯೇ ಮರಕ್ಕೆ ಶತ್ರುವೂ ಹೌದು, ಮಿತ್ರನೂ ಹೌದು. ಅದನ್ನು ಮುಂದೆ ನೋಡೋಣ.

ಮೊದಲು ಮರ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಮಲೆನಾಡಿನ ಕಾನಿನಲ್ಲಿ, ಅಂದರೆ ನಿತ್ಯಹಸಿರು ಕಾಡಿನಲ್ಲಿ, ಈ ಬಳಗದ ಮರಗಳು ನಾಲ್ಕೈದು ಇವೆ. ಎಲ್ಲದರ ತೊಗಟೆ ಕೆತ್ತಿದರೂ ಕೆಂಪು ರಸ ಬರುತ್ತದೆ. ಹಾಗಾಗಿ ‘ರಕ್ತ ಬಂತು, ಇದು ರಾಮಪತ್ರೆ’ ಅನ್ನುವಂತಿಲ್ಲ. ಅಂದಹಾಗೆ, ಗುರುತಿಸಲು ಕತ್ತಿಯಲ್ಲಿ ಕಚ್ಚು ಹಾಕುವುದೂ ಬೇಡ. ಎಲೆಯ ತೊಟ್ಟು ಮುರಿದರೆ ಸಾಕು.

ರಾಮಪತ್ರೆಯ ಎಲೆಯ ಕೆಳಮುಖ ಬಿಳಿಚಿಕೊಂಡ ಹಾಗೆ ಇರುತ್ತದೆ. ಕಾಯಿ ಉದ್ದುದ್ದ, ಐದರಿಂದ ಏಳು ಸೆಂಟಿಮೀಟರ್, ಮೇಲೆ ತುಕ್ಕು ಬಣ್ಣದ ಸಣ್ಣ ರೋಮ. ಹಣ್ಣಾದಾಗ ಎರಡು ಹೋಳಾಗಿ ಬಾಯಿ ಬಿಡುತ್ತದೆ. ಒಳಗಿನ ಬೀಜವನ್ನು ಸೀಳು ಸೀಳಾದ ಕೆಂಪು ಪತ್ರೆ ಸುತ್ತಿಕೊಂಡಿರುತ್ತದೆ. ಬೀಜವನ್ನು ಅಡ್ಡ ಕೊಯ್ದು ನೋಡಿ. ಅಡಿಕೆ ಹೋಳಿನಲ್ಲಿ ಇರುವ ಹಾಗೇ ಕಂದು ಬಿಳಿ ಗೆರೆಗಳು ಕಾಣುತ್ತವೆ. ರಕ್ತಮರ ಅಂತ ಕರೆಯುವ ಇನ್ನೊಂದು ಮರಕ್ಕೂ ರೋಮ ಇರುವ ಕಾಯಿ ಬಿಡುತ್ತದೆ, ಆದರೆ ಕಾಯಿ ಸಣ್ಣದು, ಪತ್ರೆಯ ಸೀಳು ತುದಿಯಲ್ಲಿ ಮಾತ್ರ.

ಜಡ್ಡಿ, ಅಂದರೆ ವರ್ಷವಿಡೀ ನೀರು ಜಿನುಗುವ ಕಾಡಿನ ಕೆಸರು ಜಾಗದಲ್ಲಿ ಇದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಕಾಂಡದ ಬುಡದಿಂದ ಊರುಗೋಲಿನ ಹಾಗೆ ಬೇರು ಇಳಿಬಿಟ್ಟ ದೊಡ್ಡ ಮರ ಕಂಡರೆ ಅದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಮಣ್ಣಿನಿಂದ ಮೊಣಕಾಲು ಎತ್ತಿದ ಹಾಗೆ ಬೇರು ಮೇಲೆದ್ದು ಮತ್ತೆ ಮುಳುಗಿದ್ದರೆ ಅದು ಜಿಮ್ನಾಕ್ರಾಂಥೆರಾ. ಇವೆರಡೂ ರಾಮಪತ್ರೆಗಿಂತ ಹಠಮಾರಿ, ಜಡ್ಡಿ ಬಿಟ್ಟು ಹೊರಗೆ ಬರಲು ಒಪ್ಪುವುದಿಲ್ಲ. ರಾಮಪತ್ರೆ ಜಡ್ಡಿಯಲ್ಲೂ ಇರುತ್ತದೆ, ಹೊರಗಿನ ತಂಪು ಕಾನಿನಲ್ಲೂ ಇರುತ್ತದೆ. ಅದಕ್ಕೇ ನಮ್ಮಂಥವರು ಬೆಳೆಸಲು ಸಾಧ್ಯ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಬಳಗದ ಒಂದು ಮರ ಸಿಕ್ಕಿ, 2000ರಲ್ಲಿ ಅದಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಜಾಗದ ಹೆಸರನ್ನೇ ಇಟ್ಟರು. ಅಷ್ಟು ದೊಡ್ಡ ಮರ ಅಷ್ಟು ತಡವಾಗಿ ಲೆಕ್ಕಕ್ಕೆ ಸಿಕ್ಕಿತು ಅಂದರೆ ಆ ಜಾಗ ಎಂಥದ್ದು ಅಂತ ಯೋಚಿಸಿ. ಬೆರಳೆಣಿಕೆಯ ತಾಣಗಳಲ್ಲಿ ಮಾತ್ರ ಇರುವ ಅಂಥ ಮರಗಳನ್ನು ನಾವು ನೀವು ಮುಟ್ಟುವುದು ಬೇಡ. ಕಂಡರೆ ಅರಣ್ಯ ಇಲಾಖೆಗೆ ಅಥವಾ ಶಿರಸಿಯ ಅರಣ್ಯ ಕಾಲೇಜಿಗೆ ತಿಳಿಸಿ, ಅಷ್ಟೇ.

ಗಂಡು ಹೆಣ್ಣು ಲೆಕ್ಕ

ರಾಮಪತ್ರೆಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಪಪ್ಪಾಯಿಯಲ್ಲಿ ನೋಡಿದ ಹಾಗೆ ಅಂದುಕೊಳ್ಳಿ. ಸಸಿಯಲ್ಲಿ ಇದು ಗೊತ್ತಾಗುವುದಿಲ್ಲ. ಹೂ ಬಿಡುವ ತನಕ ಕಾಯಬೇಕು, ಅದಕ್ಕೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು.

ಹೂ ಬಿಟ್ಟಾಗ ಬಿದ್ದ ಹೂಗಳನ್ನು ಆರಿಸಿ ನೋಡಿ. ಗಂಡು ಹೂ ಸಣ್ಣದು, ಗೊಂಚಲಿನಲ್ಲಿ ತುಂಬಾ ಇರುತ್ತವೆ. ಒಡೆದರೆ ಒಳಗೆ ಕೇಸರಗಳೆಲ್ಲ ಒಂದಾಗಿ ಅಂಟಿದ ಸಣ್ಣ ಕಂಬ ಕಾಣುತ್ತದೆ. ಹೆಣ್ಣು ಹೂ ಸ್ವಲ್ಪ ದಪ್ಪ, ಸಂಖ್ಯೆ ಕಡಿಮೆ, ಒಳಗೆ ರೋಮವಿರುವ ಪುಟ್ಟ ಕಾಯಿ.

ಇಲ್ಲೇ ನಮ್ಮ ಕಡೆ ಒಂದು ದೊಡ್ಡ ತಪ್ಪು ನಡೆಯುತ್ತದೆ. ‘ಈ ಮರ ಕಾಯಿ ಬಿಡೋದಿಲ್ಲ, ಬಂಜೆ’ ಅಂತ ಗಂಡು ಮರವನ್ನು ಕಡಿದು ಸೌದೆಗೋ ಹಲಗೆಗೋ ಹಾಕುತ್ತಾರೆ. ಎರಡು ವರ್ಷ ಬಿಟ್ಟು ಹೆಣ್ಣು ಮರದಲ್ಲೂ ಕಾಯಿ ಕಡಿಮೆ ಆಯಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. ಈ ಬಳಗದ ಮರಗಳಲ್ಲಿ ಪರಾಗ ಸಾಗಿಸುವುದು ಗಾಳಿಯಲ್ಲ, ಸಣ್ಣ ಸಣ್ಣ ಕೀಟಗಳು. ಅವು ಮೈಲುಗಟ್ಟಲೆ ಹಾರುವಂಥವಲ್ಲ. ಹತ್ತಿರ ಗಂಡು ಇರಲೇಬೇಕು.

ಗಂಡು ಕಡಿಮೆಯಾದರೆ ಕಾಯಿ ಮಾತ್ರ ಅಲ್ಲ, ವಂಶದ ಬಲವೂ ಕುಸಿಯುತ್ತದೆ. ಅದಕ್ಕೆ ಒಂದು ಸುಲಭ ಲೆಕ್ಕ ಇದೆ. ಗಂಡಿನ ಸಂಖ್ಯೆ ಮತ್ತು ಹೆಣ್ಣಿನ ಸಂಖ್ಯೆ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ಮರಗಳ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ವಂಶದ ದೃಷ್ಟಿಯಿಂದ ‘ನಿಜವಾಗಿ ಲೆಕ್ಕಕ್ಕೆ ಬರುವ’ ಮರಗಳ ಸಂಖ್ಯೆ.

ನಿಮ್ಮ ಬೆಟ್ಟದಲ್ಲಿ 22 ಮರ ಇವೆ ಅಂದುಕೊಳ್ಳಿ. 12 ಹೆಣ್ಣು, 10 ಗಂಡು ಇದ್ದರೆ ಉತ್ತರ ಸುಮಾರು 22. ಒಳ್ಳೆಯದು. 20 ಹೆಣ್ಣು, 2 ಗಂಡು ಇದ್ದರೆ? ಉತ್ತರ 7ಕ್ಕಿಂತ ಸ್ವಲ್ಪ ಮೇಲೆ. ಕಣ್ಣಿಗೆ ಅದೇ 22 ಮರ, ಪತ್ರೆ ಕೊಯ್ಯುವವನಿಗೆ ಇದೇ ಲಾಭದ ಬೆಟ್ಟ. ಆದರೆ ಮುಂದಿನ ತಲೆಮಾರಿಗೆ ಅದು ಏಳು ಮರದ ಕಾಡು. ಹೀಗಾದಾಗ ಪ್ರತಿ ತಲೆಮಾರಿಗೂ ಇದ್ದ ವೈವಿಧ್ಯದಲ್ಲಿ ನೂರಕ್ಕೆ 7ರಷ್ಟು ಸೋರಿಹೋಗುತ್ತದೆ. ಮೊದಲಿನ ಲೆಕ್ಕದಲ್ಲಿ ಸೋರುವುದು ನೂರಕ್ಕೆ ಎರಡು ಚಿಲ್ಲರೆ ಮಾತ್ರ.

ವೈವಿಧ್ಯ ಹೋದರೆ ಏನಾಗುತ್ತದೆ ಅಂತ ಕೇಳಬಹುದು. ತಕ್ಷಣಕ್ಕೆ ಏನೂ ಆಗುವುದಿಲ್ಲ, ಅದೇ ತೊಂದರೆ. ಒಂದು ಮರಕ್ಕೆ ಬರ ತಡೆಯುವ ಶಕ್ತಿ ಇರಬಹುದು, ಇನ್ನೊಂದಕ್ಕೆ ಬೇರು ಕೊಳೆ ತಡೆಯುವ ಗುಣ ಇರಬಹುದು, ಮತ್ತೊಂದು ಹದಿನೈದು ದಿನ ತಡವಾಗಿ ಹೂ ಬಿಡಬಹುದು. ಯಾವುದು ಯಾವ ವರ್ಷ ಬೇಕಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಾ ಮರಗಳೂ ಒಂದೇ ತರಹ ಇದ್ದರೆ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಹತ್ತಿರದ ಸಂಬಂಧದಲ್ಲೇ ಕಾಯಿ ಕಟ್ಟುತ್ತಾ ಹೋದರೆ ಮೊಳಕೆ ಕಡಿಮೆಯಾಗುವುದು, ಸಸಿ ಸೊರಗುವುದು ಶುರುವಾಗಬಹುದು.

ನೋಟ್‌ಬುಕ್ ಕೆಲಸ

ಸಸಿ ಮಾಡುವ ಮುಂಚೆ ಒಂದು ವರ್ಷ ಸುಮ್ನೆ ಮರ ಎಣಿಸಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ.

ಪ್ರತಿ ಮರಕ್ಕೂ ಒಂದು ನಂಬರು ಕೊಡಿ. ತಗಡಿನ ಚೀಟಿಯನ್ನು ಸಡಿಲವಾಗಿ ದಾರದಲ್ಲಿ ಕಟ್ಟಿ, ಮೊಳೆ ಹೊಡೆಯಬೇಡಿ. ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಿರಿ. ಅರಣ್ಯ ಇಲಾಖೆಯವರೂ ಅಲ್ಲೇ ಅಳೆಯುತ್ತಾರೆ, ಮುಂದೆ ಹೋಲಿಸಲು ಅನುಕೂಲ. ಗಂಡೋ, ಹೆಣ್ಣೋ, ಇನ್ನೂ ಗೊತ್ತಿಲ್ಲವೋ ಬರೆಯಿರಿ. ಫೋನಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಬುಡದಲ್ಲಿ ಎಷ್ಟು ಮರಿ ಸಸಿ ಇವೆ, ಮೊಣಕಾಲು ಎತ್ತರದ್ದು ಎಷ್ಟು, ಆಳೆತ್ತರದ್ದು ಎಷ್ಟು ಅಂತಲೂ ನೋಡಿ. ದೊಡ್ಡ ಮರಗಳೇ ಇದ್ದು ಮಧ್ಯದ ವಯಸ್ಸಿನವು ಕಾಣದಿದ್ದರೆ ಅದು ಮುದುಕರಷ್ಟೇ ಇರುವ ಊರು.

ಒಂದು ಮಾತು. ಈ ಗುರುತನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಪತ್ರೆಗೆ ಒಳ್ಳೆ ರೇಟು ಬಂದ ವರ್ಷ ಯಾರು ಯಾವಾಗ ದೋಟಿ ಹಿಡಿದು ಬರುತ್ತಾರೋ ಹೇಳಲಾಗುವುದಿಲ್ಲ.

ಅನುಮತಿ

ಮಾಲ್ಕಿ ಜಮೀನಿನ ಮರದ ಬೀಜ ಆರಿಸಲು ಮಾಲೀಕರನ್ನು ಕೇಳಿದರೆ ಸಾಕು. ಮೀಸಲು ಅರಣ್ಯ, ಅಭಯಾರಣ್ಯ, ಸಂರಕ್ಷಣಾ ಮೀಸಲು ಪ್ರದೇಶ ಅಂದರೆ ಮಾತೇ ಬೇರೆ. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶದೊಳಗೆ ಒಳ್ಳೊಳ್ಳೆ ಜಡ್ಡಿಗಳಿವೆ. ಅಂಥಲ್ಲಿ ಅರಣ್ಯ ಇಲಾಖೆಯ ಅನುಮತಿ ಬರಹದಲ್ಲಿ ಬೇಕು. ಪಂಚಾಯ್ತಿ ಮಟ್ಟದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. ಕಾಗದದಲ್ಲಿ ಮಾತ್ರ ಇರುವ ಸಮಿತಿಗಳೂ ಉಂಟು. ಆದರೂ ಅಲ್ಲಿ ಒಂದು ಅರ್ಜಿ ಕೊಟ್ಟು, ನಿಮ್ಮ ಮರಗಳ ಪಟ್ಟಿಯನ್ನು ಊರಿನ ಜೀವವೈವಿಧ್ಯ ದಾಖಲೆಗೆ ಸೇರಿಸಿ ಅಂತ ಕೇಳಿ. ಮುಂದೆ ಆ ಜಾಗಕ್ಕೆ ರಸ್ತೆಯೋ ಕಾಲುವೆಯೋ ಬಂದಾಗ ಆ ಕಾಗದ ಉಪಯೋಗಕ್ಕೆ ಬರುತ್ತದೆ.

ತಾಯಿ ಮರ ಎಷ್ಟು ಬೇಕು?

ಇಡೀ ಕೆಲಸದ ಜೀವ ಇದು. ನಾನು ಎಡವಿದ್ದೂ ಇಲ್ಲೇ.

ಪ್ರತಿ ಮರದಲ್ಲೂ ಒಂದೊಂದು ಗುಣಕ್ಕೆ ಎರಡು ಪ್ರತಿ ಜೀನ್ ಇರುತ್ತದೆ, ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ ಬಂದದ್ದು. ಒಂದು ಹೆಣ್ಣು ಮರದಿಂದ ಹತ್ತು ಬೀಜ ತಂದರೂ ಸಾವಿರ ಬೀಜ ತಂದರೂ, ತಾಯಿಯ ಕಡೆಯಿಂದ ಬರುವುದು ಆ ಎರಡೇ ಪ್ರತಿ. ಸುತ್ತಲಿನ ಗಂಡು ಮರಗಳಿಂದ ಒಂದಿಷ್ಟು ಬೇರೆ ಬೇರೆ ಸೇರುತ್ತದೆ ನಿಜ. ಆದರೆ ಹತ್ತಿರ ಒಂದೇ ಗಂಡು ಇದ್ದರೆ ಅದೂ ಇಲ್ಲ.

ಈಗ ಆ ಕಾಡಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಇರುವ ಒಂದು ಅಪರೂಪದ ಜೀನ್ ಇದೆ ಅಂದುಕೊಳ್ಳೋಣ. ಒಂದೇ ತಾಯಿ ಮರ ಆರಿಸಿದರೆ ಅದರಲ್ಲಿ ಆ ಜೀನ್ ಇರುವ ಸಾಧ್ಯತೆ ನೂರಕ್ಕೆ ಸುಮಾರು 10. ಐದು ಮರ ಆರಿಸಿದರೆ 40. ಮೂವತ್ತು ಮರ ಆರಿಸಿದರೆ 95. ಬೀಜ ಸಂಗ್ರಹಿಸುವವರು ‘ಕನಿಷ್ಠ ಮೂವತ್ತು’ ಅನ್ನುವುದಕ್ಕೆ ಕಾರಣ ಈ ಲೆಕ್ಕವೇ. ಮೂವತ್ತು ದಾಟಿದ ಮೇಲೆ ಲಾಭ ನಿಧಾನವಾಗುತ್ತದೆ.

ಮೂವತ್ತು ಹೆಣ್ಣು ಮರ ಒಂದೇ ಬೆಟ್ಟದಲ್ಲಿ ಎಲ್ಲಿಂದ ಬರಬೇಕು, ಅಲ್ವಾ? ಬರುವುದಿಲ್ಲ. ಹಾಗಾಗಿ ಒಬ್ಬರೇ ಮಾಡುವ ಕೆಲಸ ಅಲ್ಲ ಇದು. ಒಂದೇ ಹಳ್ಳದ ಉದ್ದಕ್ಕೂ ಇರುವ ಆರೇಳು ಮನೆಯವರು ಸೇರಿ. ನಿಮ್ಮಲ್ಲಿ ಐದು ತಾಯಿ ಮರ, ಅವರಲ್ಲಿ ನಾಲ್ಕು, ಕೆಳಗಿನ ಮನೆಯವರಲ್ಲಿ ಆರು. ಬೀಜ ಅದಲು ಬದಲು ಮಾಡಿಕೊಳ್ಳಿ. ಮೊದಲು ಭತ್ತದ ಬೀಜವನ್ನು ಹೀಗೇ ಮನೆಯಿಂದ ಮನೆಗೆ ಬದಲಿಸಿಕೊಳ್ಳುತ್ತಿದ್ದರಲ್ಲ, ಹಾಗೇ. ಒಟ್ಟು ಎಂಟೇ ಹೆಣ್ಣು ಮರ ಇದ್ದರೆ ಎಂಟರಿಂದಲೂ ತೆಗೆದುಕೊಳ್ಳಿ, ಒಂದನ್ನೂ ಬಿಡಬೇಡಿ.

ಇನ್ನು ಕೆಲವು ವಿಷಯ. ತಾಯಿ ಮರಗಳ ನಡುವೆ ಐವತ್ತು ನೂರು ಮೀಟರ್ ಅಂತರ ಇದ್ದರೆ ಒಳ್ಳೆಯದು. ಪಕ್ಕಪಕ್ಕದ ಮರಗಳು ಒಂದೇ ಅಜ್ಜಿಯ ಮೊಮ್ಮಕ್ಕಳಾಗಿರುವುದೇ ಜಾಸ್ತಿ. ಎಲ್ಲಾ ಮರದಿಂದಲೂ ಸಮ ಸಮ ಬೀಜ ತೆಗೆಯಿರಿ. ಹುಲುಸಾಗಿ ಬಿಟ್ಟ ಮರದಿಂದ 400, ಉಳಿದವುಗಳಿಂದ ಐದೈದು ಅಂತ ತಂದರೆ ಹೆಸರಿಗೆ ಇಪ್ಪತ್ತು ತಾಯಿ, ನಿಜದಲ್ಲಿ ಒಂದೇ. ಇಪ್ಪತ್ತು ಮರದಿಂದ 25ರಂತೆ ತಂದರೆ ಅದು 500 ಒಳ್ಳೆಯ ಬೀಜ. ದಪ್ಪ ಪತ್ರೆಯ ಮರವನ್ನೇ ಹುಡುಕಿ ಆರಿಸುವ ಆಸೆ ಬೇಡ. ತೋಟಕ್ಕೆ ಆರಿಸುವುದು ಹಾಗೆ, ಕಾಡಿಗೆ ಆರಿಸುವುದು ಹೀಗೆ. ಸೊಟ್ಟ ಮರ, ಕಡಿಮೆ ಬಿಡುವ ಮರ, ಬಂಡೆ ಮೇಲಿನ ಮರ, ಎಲ್ಲಕ್ಕೂ ಪಾಲು ಇರಲಿ. ರೋಗ ಹಿಡಿದ ಮರವನ್ನು ಮಾತ್ರ ಬಿಡಿ.

ದೂರದಿಂದ ಬೀಜ ತರುವ ಬಗ್ಗೆ ಕೇಳುತ್ತಾರೆ. ಕೇರಳದ ಬೀಜ ಉತ್ತರ ಕನ್ನಡಕ್ಕೆ ತರಬೇಡಿ. ಅಲ್ಲಿಯ ಮಳೆಯ ಲೆಕ್ಕವೇ ಬೇರೆ, ಹೂ ಬಿಡುವ ಕಾಲವೂ ಬೇರೆ ಇರಬಹುದು. ಪಕ್ಕದ ಹಳ್ಳ, ಅದರಾಚೆಯ ಕಣಿವೆ, ಇಷ್ಟರೊಳಗೆ ಮುಗಿಸಿ. ನಿಮ್ಮಲ್ಲಿ ಹತ್ತಕ್ಕಿಂತ ಕಡಿಮೆ ಮರ ಉಳಿದಿದ್ದರೆ ಮಾತ್ರ ಸ್ವಲ್ಪ ದೂರ ಹೋಗಿ ತರುವುದು ತಪ್ಪಲ್ಲ. ಆಗ ಒಳಸಂಬಂಧದ ಅಪಾಯವೇ ದೊಡ್ಡದು.

ಕೊಯ್ಲು, ಅಥವಾ ಆರಿಸುವುದು

ಬೇಸಿಗೆ ಕೊನೆಯಿಂದ ಮಳೆ ಹಿಡಿಯುವ ಹೊತ್ತಿಗೆ ಕಾಯಿ ಬಾಯಿ ಬಿಡುತ್ತದೆ. ಊರಿಂದ ಊರಿಗೆ ಹೆಚ್ಚು ಕಡಿಮೆ ಇದ್ದೇ ಇದೆ. ಕ್ಯಾಲೆಂಡರ್ ನೋಡುವ ಬದಲು ಮರ ನೋಡಿ.

ಯಾರದ್ದೂ ಅಲ್ಲದ ಕಾಡಿನಲ್ಲಿ ಏನಾಗುತ್ತದೆ ಅಂದರೆ, ‘ನಾನು ಬಿಟ್ಟರೆ ಅವನು ಕೊಯ್ಯುತ್ತಾನೆ’ ಅಂತ ಬಲಿಯುವ ಮುಂಚೆಯೇ ಕೊಯ್ಯುತ್ತಾರೆ. ಕೈಗೆ ಸಿಗದ ಕೊಂಬೆ ಕಡಿದು ಕೆಡವುತ್ತಾರೆ. ಎಳೆ ಕಾಯಿಯ ಪತ್ರೆಗೆ ತೂಕವೂ ಇಲ್ಲ, ಬಣ್ಣವೂ ಇಲ್ಲ. ಬೀಜ ಹುಟ್ಟುವುದಂತೂ ಇಲ್ಲವೇ ಇಲ್ಲ. ಕಡಿದ ಕೊಂಬೆ ಮತ್ತೆ ಹೂ ಬಿಡಲು ವರ್ಷಗಳೇ ಬೇಕು. ಒಂದು ಊರಿನವರು ಕೂತು ‘ಇಂಥ ದಿನದ ಮುಂಚೆ ಯಾರೂ ಕೊಯ್ಯುವಂತಿಲ್ಲ’ ಅಂತ ಮಾತಾಡಿಕೊಂಡರೆ, ನಾನು ಕಂಡ ಹಾಗೆ, ನೂರು ಸಸಿ ನೆಟ್ಟದ್ದಕ್ಕಿಂತ ದೊಡ್ಡ ಕೆಲಸ ಅದು.

ನೆಲಕ್ಕೆ ಬಿದ್ದದ್ದನ್ನು ಆರಿಸಿ, ಅಥವಾ ಬಾಯಿ ಬಿಟ್ಟ ಕಾಯಿಯನ್ನು ದೋಟಿಯಲ್ಲಿ ಒಂದೊಂದೇ ಬಿಡಿಸಿ. ಮರದ ಕೆಳಗೆ ಬಲೆ ಅಥವಾ ಹಳೆ ಸೀರೆ ಕಟ್ಟಿದರೆ ಬಿದ್ದ ಬೀಜ ಮಣ್ಣಾಗುವುದಿಲ್ಲ. ಒಂದು ಮರದ ಫಸಲಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೀಜವನ್ನು ನರ್ಸರಿಗೆ ಒಯ್ಯಬೇಡಿ. ಉಳಿದದ್ದು ಮಂಗಟ್ಟೆಗೆ, ಕಾಡು ಪಾರಿವಾಳಕ್ಕೆ. ಅವು ಪತ್ರೆಯ ಆಸೆಗೆ ಬೀಜ ನುಂಗಿ, ಬೇರೆಲ್ಲೋ ಹೋಗಿ ಉಗುಳುತ್ತವೆ. ಒಂದು ಮರದ ಬೀಜವನ್ನು ಇನ್ನೊಂದು ಕಣಿವೆಗೆ ಒಯ್ಯುವ ಕೆಲಸ ಅವು ಸಂಬಳ ಇಲ್ಲದೆ ಮಾಡುತ್ತಿವೆ.

ಪತ್ರೆಯ ಬೆಲೆ ಮಿತ್ರನೂ ಹೌದು ಅಂದಿದ್ದೆನಲ್ಲ. ಬೇಕಾಗಿರುವುದು ಮೇಲಿನ ಪತ್ರೆ ಮಾತ್ರ. ಪತ್ರೆ ಬಿಡಿಸಿದ ಮೇಲೂ ಬೀಜ ಜೀವಂತ. ಅಂದರೆ ಪತ್ರೆ ಕೊಯ್ಯುವವರ ಕೈಯಲ್ಲೇ ಕಾಡಿನ ಮುಂದಿನ ತಲೆಮಾರು ಇದೆ. ಆದರೆ ಅವರು ಬೀಜ ಸಮೇತ ಅಂಗಳದಲ್ಲಿ ಒಣಗಿಸಿಬಿಡುತ್ತಾರೆ, ಆಮೇಲೆ ಪತ್ರೆ ತೆಗೆದು ಬೀಜ ಎಸೆಯುತ್ತಾರೆ. ಅಷ್ಟೊತ್ತಿಗೆ ಅದು ಸತ್ತಿರುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟೇ: ಪತ್ರೆಯನ್ನು ಹಸಿ ಇದ್ದಾಗಲೇ ಬಿಡಿಸಿಕೊಳ್ಳಿ, ಬೀಜವನ್ನು ಅವತ್ತೇ ನಮಗೆ ಕೊಡಿ, ಯಾವ ಮರದ್ದು ಅಂತ ಹೇಳಿ. ಒಂದು ಬೀಜಕ್ಕೆ ಇಷ್ಟು ಅಂತ ದುಡ್ಡು ಕೊಟ್ಟರೂ ನಷ್ಟ ಇಲ್ಲ.

ಬೀಜ ಒಣಗಬಾರದು

ರಾಮಪತ್ರೆ ಬೀಜವನ್ನು ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡಲು ಆಗುವುದಿಲ್ಲ. ಒಣಗಿದರೆ ಸಾಯುತ್ತದೆ. ಹಲಸಿನ ಬೀಜದ ಸ್ವಭಾವವೇ ಇದರದ್ದೂ. ಹಾಗಾಗಿ ಶೈತ್ಯಾಗಾರದ ಬೀಜ ಬ್ಯಾಂಕಿನಲ್ಲಿ ಇಟ್ಟು ಉಳಿಸುವ ಮರ ಅಲ್ಲ ಇದು. ಇದರ ಬ್ಯಾಂಕು ಅಂದರೆ ನೆಲದಲ್ಲಿ ನಿಂತ ಜೀವಂತ ಮರಗಳೇ.

ಬೀಜ ಕಿವಿ ಹತ್ತಿರ ಹಿಡಿದು ಅಲುಗಿಸಿ. ಒಳಗೆ ಗಡಗಡ ಅಂದರೆ ತಿರುಳು ಒಣಗಿ ಚಿಪ್ಪು ಬಿಟ್ಟಿದೆ, ಎಸೆಯಿರಿ. ಸದ್ದಿಲ್ಲದೆ ಭಾರವಾಗಿದ್ದರೆ ಒಳ್ಳೆಯದು. ಪತ್ರೆ ಪೂರ್ತಿ ತೆಗೆದು, ತೊಳೆದು, ಅವತ್ತೇ ಅಥವಾ ಮರುದಿನವೇ ಬಿತ್ತಿ. ಸಾಗಿಸಬೇಕಾದರೆ ಒದ್ದೆ ಮರಳಿನಲ್ಲೋ ಒದ್ದೆ ತೆಂಗಿನ ನಾರಿನ ಪುಡಿಯಲ್ಲೋ ಹಾಕಿ, ಗಾಳಿಯಾಡುವ ಗೋಣಿಯಲ್ಲಿ ಕಟ್ಟಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿದರೆ ಬೆಂದು ಬೂಸಲು ಹಿಡಿಯುತ್ತದೆ. ಫ್ರಿಜ್ಜಿನಲ್ಲೂ ಇಡಬೇಡಿ.

ಮಡಿ, ಕೊಟ್ಟೆ, ಚೀಟಿ

ನೆರಳಿನಲ್ಲಿ ಮರಳಿನ ಮಡಿ ಮಾಡಿ. ಬೀಜ ಅಡ್ಡ ಮಲಗಿಸಿ, ಮುಚ್ಚುವಷ್ಟು ಮರಳು ಹಾಕಿ, ಮೇಲೆ ತೆಳ್ಳಗೆ ದರಕು, ಅಂದರೆ ಒಣ ಎಲೆ, ಹರಡಿ. ತೇವ ಆರಬಾರದು, ನೀರು ನಿಲ್ಲಲೂಬಾರದು. ಮೊಳಕೆಗೆ ತಿಂಗಳು, ಎರಡು ತಿಂಗಳು ಹಿಡಿಯುತ್ತದೆ, ಬೀಜದಿಂದ ಬೀಜಕ್ಕೆ ಅಂತರವೂ ಇರುತ್ತದೆ. ಇಲಿ, ಮುಳ್ಳುಹಂದಿ ಬರುತ್ತವೆ. ತಂತಿ ಬಲೆ ಹಾಕದಿದ್ದರೆ ಒಂದೇ ರಾತ್ರಿಗೆ ಕಥೆ ಮುಗಿಯುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. ಎರಡು ಎಲೆ ಬಂದ ಮೇಲೆ ಉದ್ದದ ಕೊಟ್ಟೆಗೆ ಹಾಕಿ. ತಾಯಿ ಬೇರು ನೇರ ಇಳಿಯುವ ಗಿಡ, ಸಣ್ಣ ಕೊಟ್ಟೆಯಲ್ಲಿ ಬೇರು ಸುರುಳಿ ಸುತ್ತುತ್ತದೆ.

ಮಡಿಯಿಂದಲೇ ತಾಯಿ ಮರದ ನಂಬರು ಬರೆಯುತ್ತಾ ಬನ್ನಿ. ನಂಬರು 7ರ ಬೀಜ ಒಂದು ಸಾಲು, 12ರದ್ದು ಇನ್ನೊಂದು ಸಾಲು. ಒಮ್ಮೆ ಬೆರೆತರೆ ಮತ್ತೆ ಬೇರೆ ಮಾಡಲು ಬರುವುದಿಲ್ಲ. ಒಂದು ನರ್ಸರಿಯಿಂದ ನಾನು ಅರವತ್ತು ಸಸಿ ತಂದಿದ್ದೆ. ಯಾವ ಮರದ್ದು ಅಂತ ಕೇಳಿದರೆ ‘ಎಲ್ಲಾ ಗೇಟಿನ ಹತ್ತಿರದ ಮರದ್ದೇ’ ಅಂದರು! ಸಸಿ ಕೊಳ್ಳುವಾಗ ವಯಸ್ಸು, ಎತ್ತರ ಕೇಳುವ ಹಾಗೆ ಎಷ್ಟು ತಾಯಿ ಮರದ್ದು ಅಂತಲೂ ಕೇಳಿ. ಕೇಳುವವರು ಹೆಚ್ಚಾದರೆ ಅವರೂ ಬರೆದಿಡುತ್ತಾರೆ.

ಇನ್ನೊಂದು ಸೂಕ್ಷ್ಮ. ಬೇಗ ಹುಟ್ಟಿದ, ದಷ್ಟಪುಷ್ಟ ಸಸಿಗಳನ್ನೇ ಇಟ್ಟುಕೊಂಡು ಉಳಿದದ್ದು ಬಿಸಾಡುವುದು ನರ್ಸರಿಯ ರೂಢಿ. ಕೊಟ್ಟೆಯಲ್ಲಿ ನಿಧಾನ ಬೆಳೆದ ಗಿಡ ಕಾಡಿನ ಕತ್ತಲಲ್ಲಿ ತಾಳಿಕೊಳ್ಳುವ ಗಿಡ ಆಗಿರಬಹುದು. ರೋಗಿಷ್ಟ ಸಸಿ ತೆಗೆಯಿರಿ, ನಿಧಾನದ್ದನ್ನು ಇಟ್ಟುಕೊಳ್ಳಿ.

ನೆಡುವಾಗ

ಒಂದು ಮಳೆಗಾಲ ಕೊಟ್ಟೆಯಲ್ಲಿ ಕಳೆದು, ಎರಡನೇ ಮಳೆಗಾಲದ ಶುರುವಿನಲ್ಲಿ ನೆಡಿ. ಹಳ್ಳದ ಬದಿ, ಕಾನಿನ ಅಂಚು, ಅಡಿಕೆ ತೋಟದ ತಂಪು ಮೂಲೆ, ಇವು ಒಳ್ಳೆಯ ಜಾಗ. ಬಿಸಿಲು ಬೀಳುವ ಬೋಳು ಗುಡ್ಡದಲ್ಲಿ ನೆಟ್ಟು ಬದುಕಲಿಲ್ಲ ಅನ್ನಬೇಡಿ. ಐದಾರು ಮೀಟರ್ ಅಂತರ ಸಾಕು. ಅಕ್ಕಪಕ್ಕ ಒಂದೇ ತಾಯಿಯ ಎರಡು ಸಸಿ ಬರದ ಹಾಗೆ ನೋಡಿಕೊಳ್ಳಿ. ಸಾಲಿನಲ್ಲಿ 7, 12, 3, 19, 5 ಹೀಗೆ ಬೆರೆಸಿ ನೆಟ್ಟು ನಕ್ಷೆ ಬರೆದಿಡಿ. ಕೀಟ ಹಾರುವುದು ಹತ್ತಿರ ಹತ್ತಿರ. ಪಕ್ಕದ ಮನೆಯವರು ಸಂಬಂಧಿಕರಲ್ಲದಿದ್ದರೆ ಮದುವೆ ಸರಿಯಾಗುತ್ತದೆ.

ಜಡ್ಡಿ ಇರುವವರು ಸಸಿಗಿಂತ ಮೊದಲು ನೀರು ನೋಡಿ. ಮೇಲಿನಿಂದ ಪೈಪು ಹಾಕಿ ನೀರು ತಿರುಗಿಸಿದರೆ, ಅಥವಾ ತೋಟ ಮಾಡಲು ಕಾಲುವೆ ಕಡಿದು ಕೆಸರು ಬಸಿದರೆ, ಎಷ್ಟು ಸಸಿ ನೆಟ್ಟರೂ ಉಪಯೋಗ ಇಲ್ಲ. ಘಟ್ಟದ ಎಷ್ಟೋ ಜಡ್ಡಿಗಳು ಗದ್ದೆ, ತೋಟ ಆಗಿಯೇ ಹೋದವು.

ಕಸಿ ಗಿಡ ಬೇಕಾ?

ಬೇಕು, ಆದರೆ ಮಿತಿಯಲ್ಲಿ. ಹೆಣ್ಣು ಮರದ ಕುಡಿ ಕಸಿ ಮಾಡಿದರೆ ಬೇಗ ಪತ್ರೆ ಸಿಗುತ್ತದೆ, ಗಂಡೋ ಹೆಣ್ಣೋ ಅನ್ನುವ ಅನುಮಾನವೂ ಇಲ್ಲ. ನೆಟ್ಟಗೆ ಮೇಲೆ ಹೋಗುವ ಕುಡಿಯನ್ನೇ ಆರಿಸಿ. ಅಡ್ಡ ಕೊಂಬೆಯ ಕುಡಿ ಹಾಕಿದರೆ ಗಿಡ ಪೊದೆಯ ಹಾಗೆ ಅಡ್ಡಡ್ಡ ಬೆಳೆಯುತ್ತದೆ. ಆದರೆ ಒಂದೇ ಮರದ ಐವತ್ತು ಕಸಿ ಅಂದರೆ ವಂಶದ ಲೆಕ್ಕದಲ್ಲಿ ಒಂದೇ ಮರ. ತೋಟದಲ್ಲಿ ಕಸಿ ಇರಲಿ, ಬೆಟ್ಟದಲ್ಲಿ ಬೀಜದ ಗಿಡ ಇರಲಿ.

ಜಾಯಿಕಾಯಿ ಕಸಿಗೆ ಬುಡಗಿಡವಾಗಿ ಕಾಡಿನ ಈ ಬಳಗದ ಸಸಿಗಳನ್ನೇ ಬಳಸುತ್ತಾರೆ. ಅದಕ್ಕಾಗಿ ಜಡ್ಡಿಯಿಂದ ಸಸಿ ಕಿತ್ತು ತರುವವರಿದ್ದಾರೆ. ಕಿತ್ತ ಸಸಿಗೆ ಜಾಯಿಕಾಯಿ ತಲೆ ಕೂರಿಸಿದರೆ ಆ ಕಾಡು ಗಿಡ ಎಂದೂ ಹೂ ಬಿಡುವುದಿಲ್ಲ. ಬುಡಗಿಡ ಬೇಕಿದ್ದರೆ ಬೀಜ ತಂದು ಮಾಡಿಕೊಳ್ಳಿ, ಮಾಡಿದ ಹತ್ತರಲ್ಲಿ ಎರಡನ್ನು ಕಸಿ ಮಾಡದೆ ಕಾಡಿಗೆ ವಾಪಸ್ ಕೊಡಿ.

ಜೀನ್ ಪರೀಕ್ಷೆ

ಇದು ನಾವು ಮನೆಯಲ್ಲಿ ಮಾಡುವಂಥದ್ದಲ್ಲ. ಯಾವುದಾದರೂ ಕಾಲೇಜಿನವರು ಬಂದರೆ ಎಳೆ ಎಲೆಯ ತುಂಡನ್ನು ಸಿಲಿಕಾ ಜೆಲ್ ಹರಳಿನಲ್ಲಿ ಒಣಗಿಸಿ, ಮರದ ನಂಬರು ಬರೆದು ಕೊಡಿ. ಎಲೆಯ ತೂಕದ ಹತ್ತು ಪಟ್ಟು ಹರಳು ಇದ್ದರೆ ಒಂದೆರಡು ದಿನದಲ್ಲಿ ಗರಿಗರಿ ಒಣಗುತ್ತದೆ. ಯಾವ ಮರ ಯಾವುದಕ್ಕೆ ಹತ್ತಿರದ ಸಂಬಂಧ ಅಂತ ಅದರಿಂದ ಗೊತ್ತಾಗುತ್ತದೆ. ನೀವು ಬರೆದಿಟ್ಟ ನೋಟ್‌ಬುಕ್ ಅವರಿಗೆ ಎಲೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲ ಹೂ ಬಂದ ವರ್ಷ

ಏಳೆಂಟು ವರ್ಷದ ಮೇಲೆ ಒಂದೊಂದೇ ಮರ ಹೂ ಬಿಡುತ್ತದೆ. ಆಗ ಮತ್ತೆ ನೋಟ್‌ಬುಕ್ ತೆಗೆದು ಗಂಡು ಹೆಣ್ಣು ಬರೆಯಿರಿ, ಮೇಲಿನ ಲೆಕ್ಕ ಮತ್ತೆ ಹಾಕಿ. ಬೀಜದ ಗಿಡದಲ್ಲಿ ಗಂಡು ತುಂಬಾ ಬಂತು ಅಂತ ಕಡಿಯಲು ಹೊರಡಬೇಡಿ. ಅಷ್ಟೂ ಗಂಡು ಬೇಡ ಅನ್ನಿಸಿದರೆ ಕೆಲವಕ್ಕೆ ಮೇಲುಕಸಿ ಮಾಡಿ ಹೆಣ್ಣು ಕುಡಿ ಕೂರಿಸಬಹುದು. ಆ ಕುಡಿಯನ್ನು ನಿಮ್ಮ ಬೆಟ್ಟದಲ್ಲಿ ಇಲ್ಲದ ತಾಯಿಯಿಂದ ತನ್ನಿ, ಕೆಳಗಿನ ಮನೆಯವರ ಮರದ್ದಾದರೂ ಸರಿ. ಒಂದು ತಾಯಿಯ ಮಕ್ಕಳಲ್ಲಿ ಉಳಿದಿರುವುದು ಒಂದೇ ಗಂಡು ಅಂತಾದರೆ ಅದನ್ನು ಮುಟ್ಟಬೇಡಿ. ಮೇಲುಕಸಿ ಮಾಡುವ ಮುಂಚೆ ನಕ್ಷೆಯಲ್ಲಿ ಆ ಮರದ ತಾಯಿಯ ನಂಬರು ಒಮ್ಮೆ ನೋಡಿಕೊಳ್ಳಿ. ನನ್ನ ಆ 180ರಲ್ಲಿ ಬದುಕಿದವು ಹೂ ಬಿಡಲು ಇನ್ನೂ ಒಂದೆರಡು ವರ್ಷ ಇದೆ. ಅವುಗಳ ನಡುವೆ ಈಗ ಬೇರೆ ಹದಿನಾಲ್ಕು ತಾಯಿಯ ಸಸಿಗಳು ಮೊಣಕಾಲೆತ್ತರಕ್ಕೆ ಬಂದಿವೆ.